ಒಂದೇ ಸರ್ವರಿನ ಅಣ್ಣ ತಂಗಿ

ನಾವು ಆಟದ ಬಗ್ಗೆ ಹರಟೆ ಹೊಡೆಯುತ್ತಿದ್ದ ಸೈಟನ್ನು ಯಾವನೋ ಕೊಂಡುಕೊಂಡು ಕುಲಗೆಡಿಸಿದ. ಒಂದು ಮಾತು ಓದಬೇಕಾದರೆ ಹತ್ತು ಜಾಹೀರಾತು. ಎಲ್ಲರೂ ಗಂಟುಮೂಟೆ ಕಟ್ಟಿದರು. ಹೊಸ ಜಾಗಕ್ಕೆ ಒಬ್ಬ ಯಜಮಾನನೇ ಇಲ್ಲವಂತೆ. ಯಾರು ಬೇಕಾದರೂ ತಮ್ಮದೊಂದು ಸರ್ವರ್ ಇಟ್ಟುಕೊಂಡು, ಉಳಿದ ಸರ್ವರಿನವರೊಡನೆ ಮಾತಾಡಬಹುದಂತೆ. ನನಗೆ ತಲೆಬುಡ ತಿಳಿಯಲಿಲ್ಲ.

ಚಿಕ್ಕಪ್ಪನ ಮಗ ಕಾರ್ತಿಕೇಯನ್ ಕೂನೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಲೋಕದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದು ನಂಬಿರುವ ಪ್ರಾಣಿ. ಅವನನ್ನೇ ಕೇಳಿದೆ.

“ಒಂದು ಸರ್ವರ್ ಒಂದು ಹಟ್ಟಿ ಇದ್ದ ಹಾಗೆ, ಅಣ್ಣಾ. ನೀ ಒಂದು ಹಟ್ಟಿಲಿ ಇರು, ಎಲ್ಲಾ ಹಟ್ಟಿಗೂ ಮಾತಾಡು. ಅಷ್ಟೇ.”

ಅವನು ಹಾಗೆ ಹೇಳದಿದ್ದರೆ ನಾನು ಕೆಡುತ್ತಿರಲಿಲ್ಲ. ಹಟ್ಟಿ ಎಂದರೆ ನಮ್ಮ ಬಡಗ ಜನಾಂಗದ ಊರು. ನನ್ನದು ಹುಬ್ಬತಲೈ. ಒಂದು ಹಟ್ಟಿಯವರೆಲ್ಲ ಅಣ್ಣತಮ್ಮಂದಿರು, ಅಕ್ಕತಂಗಿಯರು. ಹೆಣ್ಣನ್ನು ಬೇರೆ ಹಟ್ಟಿಯಿಂದಲೇ ತರಬೇಕು. ಆಟದ ಗೆಳತಿ ಸಿಂಧುಜಾ ಆಗಲೇ ಒಂದು ಸರ್ವರ್ ಸೇರಿ, “ನೀವೂ ಇಲ್ಲಿಗೇ ಬನ್ನಿ” ಎಂದು ಬರೆದಿದ್ದಳು. ನಾನು ಬೇಕೆಂದೇ ಬೇರೆಯದಕ್ಕೆ ಸೇರಿದೆ. ಹುಚ್ಚುತನವೆಂದು ನನಗೂ ಗೊತ್ತಿತ್ತು. ಆದರೂ ಶುರುವಿನಲ್ಲೇ ಅಪಶಕುನ ಯಾಕೆ?

ಸಿಂಧುಜಾಳ ಮುಖ ನಾನು ನೋಡಿಲ್ಲ. ಘಟ್ಟದ ರಸ್ತೆಯಲ್ಲಿ ಲಾರಿ ಓಡಿಸುವ ಆಟವೊಂದರಿಂದ ಪರಿಚಯ. ನಾನು ನಿಜವಾಗಿಯೂ ಪಿಕಪ್ ಓಡಿಸುವವನು, ದಿನಾ ಟೀ ಎಲೆ ಹೇರಿಕೊಂಡು ಫ್ಯಾಕ್ಟರಿಗೆ ಹೋಗುವವನು. ಆಟದಲ್ಲಿ ಮಾತ್ರ ಪ್ರತಿ ತಿರುವಿನಲ್ಲೂ ಕಮರಿಗೆ ಬೀಳುತ್ತೇನೆ. ಸ್ಟಿಯರಿಂಗ್ ಮುಟ್ಟಿಯೇ ಇರದ ಅವಳು ರಿವರ್ಸಿನಲ್ಲಿ ಬೆಟ್ಟ ಹತ್ತಿಸುತ್ತಾಳೆ. ಟೀ ಎಲೆ, ಹಿಮ, ತೋಟಕ್ಕೆ ನುಗ್ಗುವ ಕಾಟಿ ಎಂದೆಲ್ಲ ಬರೆಯುತ್ತಿದ್ದಳು, ಹಾಗಾಗಿ ನಮ್ಮವಳೇ ಇರಬೇಕೆಂದುಕೊಂಡೆ. ಹಟ್ಟಿ ಯಾವುದೆಂದು ಮಾತ್ರ ಕೇಳಲಿಲ್ಲ. ನಮ್ಮಲ್ಲಿ ಗಂಡಸು ಆ ಪ್ರಶ್ನೆ ಕೇಳಿದರೆ ಅರ್ಧ ಸಂಬಂಧ ಕೇಳಿದಂತೆ. ಉತ್ತರ ನನ್ನ ಹಟ್ಟಿಯೇ ಆಗಿಬಿಟ್ಟರೆ ಎಂಬ ಭಯ ಬೇರೆ. ಅವಳೊಡನೆ ಮಾತಾಡದ ದಿನ ನನಗೆ ಊಟ ಸೇರುತ್ತಿರಲಿಲ್ಲ ಎನ್ನುವುದನ್ನು ಇನ್ನು ಮುಚ್ಚಿಟ್ಟು ಫಲವಿಲ್ಲ.

ಕೆಲವು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಅವಳು ಮಾತು ನಿಲ್ಲಿಸಿದಳು.

ನನ್ನ ಕೊನೆಯ ಮಾತನ್ನು ತಿರುತಿರುಗಿ ಓದಿದೆ. “ರಸ್ತೆಗೆ ಬಂದು ಓಡಿಸಿ, ಆಗ ನೋಡೋಣ” ಎಂದಿದ್ದೆ. ಕೋಪ ಬಂತೇ? ಕ್ಷಮೆ ಕೇಳಿದೆ. ಉತ್ತರವಿಲ್ಲ. ಅದೇ ಆಟದ ಹೆಸರಿನ ಗುಂಪು ಬೇರೆ ಬೇರೆ ಸರ್ವರುಗಳಲ್ಲಿ ಕಂಡಿತು. ಅವಳು ಯಾವ ಗುಂಪನ್ನು ಓದುತ್ತಾಳೋ ತಿಳಿಯದೆ ಎಲ್ಲ ಕಡೆಯೂ ಕ್ಷಮೆ ಕೇಳಿದೆ. ಗುರುತಿಲ್ಲದವರೆಲ್ಲ “ಪರವಾಗಿಲ್ಲ ಬಿಡಿ” ಎಂದರು. ಮೈಯೆಲ್ಲ ಉರಿದುಹೋಯಿತು.

ಕೊನೆಗೆ ಕಾರ್ತಿಕೇಯನ್ ಎದುರು ಫೋನ್ ಎಸೆದೆ. ಅವನು ನೋಡಿ ನಕ್ಕ.

“ಅವಳು ಮಾತು ಬಿಟ್ಟಿದು ಇಲ್ಲೆ, ಅಣ್ಣಾ. ನಿನ್ನ ಸರ್ವರ್‌ಗೂ ಅವಳ ಸರ್ವರ್‌ಗೂ ಜಗಳ. ಎರಡೂ ಕಡೆ ನಡೆಸುವವರು ಸಂಬಂಧ ಕಡಿದುಬಿಟ್ಟಿದ್ದಾರೆ. ನೀ ಬರೆದದು ಅವಳಿಗೆ ಕಾಣುವುದಿಲ್ಲೆ.”

“ಯಾರೋ ಜಗಳ ಆಡಿದರೆ ನಾ ಏನ ಮಾಡಿದೆ?”

“ಅವಳ ಸರ್ವರ್‌ಗೇ ಸೇರು.”

“ಅದೇ ಹಟ್ಟಿಗಾ?” ಬಾಯಿತಪ್ಪಿ ಬಂದುಬಿಟ್ಟಿತು.

ಅವನು ನನ್ನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಯಿತು. ಅಂಗಡಿಯ ಗಿರಾಕಿಗಳು ತಿರುಗಿ ನೋಡುವಷ್ಟು ನಕ್ಕ, ದರಿದ್ರದವನು. ನನಗೆ ಅಳುವಷ್ಟು ನಾಚಿಕೆ.

ಅಲ್ಲೇ ಬೆಂಚಿನ ಮೇಲೆ ಕೂತು ಅವಳ ಸರ್ವರಿಗೆ ಸೇರಿದೆ. ಸೇರಿದವನೇ, ಧೈರ್ಯ ಕರಗುವ ಮೊದಲು, ಅಷ್ಟು ಕಾಲ ನುಂಗಿಕೊಂಡಿದ್ದನ್ನು ಕೇಳಿದೆ. ಅವಳು ಇಂಗ್ಲಿಷ್ ಅಕ್ಷರದಲ್ಲಿ ತಮಿಳು ಬರೆಯುತ್ತಾಳೆ, ಕನ್ನಡದಲ್ಲಿ ಹೇಳುತ್ತೇನೆ.

“ಸಿಂಧುಜಾ, ನಿಮ್ಮದು ಯಾವ ಹಟ್ಟಿ?”

“ಅಂತೂ ಬಂದಿರಲ್ಲ! ಎಲ್ಲಿ ಹೋಗಿದ್ದಿರಿ? ನಿಜವಾದ ಕಮರಿಗೇ ಬಿದ್ದಿರೇನೋ ಅಂತ ಹೆದರಿದ್ದೆ.” ಅದರ ಹಿಂದೆಯೇ ಇನ್ನೊಂದು ಬಂತು. “ಹಟ್ಟಿ ಬಡಗರಿಗಲ್ಲವೇ? ನಮಗೆ ಅದೆಲ್ಲ ಇಲ್ಲ. ಚೇರಂಬಾಡಿಯ ಎಸ್ಟೇಟಿನಲ್ಲಿ ಕೆಲಸಗಾರರ ಲೈನ್ ಮನೆ. ಅಪ್ಪ ಫ್ಯಾಕ್ಟರಿಯಲ್ಲಿದ್ದಾರೆ. ಯಾಕೆ ಕೇಳಿದಿರಿ?”

ನಮ್ಮವಳಲ್ಲ. ಅಮ್ಮನಿಗೆ ಏನು ಹೇಳುವುದು? ತಂಗಿಯಲ್ಲವೆಂದು ಸಂತೋಷಪಡಬೇಕೋ, ಏನೂ ಅಲ್ಲವೆಂದು ದುಃಖಪಡಬೇಕೋ ತಿಳಿಯಲಿಲ್ಲ. ಸುಳ್ಳು ಹೇಳಲು ಮನಸ್ಸಾಗದೆ ಇದ್ದದ್ದನ್ನು ಇದ್ದಂತೆ ಬರೆದೆ: “ಒಂದೇ ಹಟ್ಟಿಯಾದರೆ ನೀವು ನನಗೆ ತಂಗಿ ಆಗುತ್ತೀರಿ. ಅದಕ್ಕೇ ಈ ಸರ್ವರಿಗೆ ಇಷ್ಟು ದಿನ ಬರಲಿಲ್ಲ.”

ಈ ಸರ್ವರೂ ಸಂಬಂಧ ಕಡಿದುಕೊಂಡಿತೋ ಎಂದು ಕಾರ್ತಿಕೇಯನ್ ಕೈಗೆ ಫೋನ್ ಕೊಡಹೊರಟಿದ್ದೆ. ಆಗ ಉತ್ತರ ಬಂತು.

“ಹಾಗಾದರೆ ನನಗೆ ಹಟ್ಟಿ ಇಲ್ಲದ್ದೇ ಒಳ್ಳೆಯದಾಯಿತು.”