ಮಿಂಚುರೆಕ್ಕೆಯ ಮನೆಯಲ್ಲಿ ಯಾರಿದ್ದಾರೆ?

ಒಂದೂರಲ್ಲಿ ಒಬ್ಬನಿದ್ದ, ಅವನಿಗೆ ರೆಕ್ಕೆಗಳಿದ್ದವು. ಹೂಂ ಅನ್ನಿ. ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ. ಅದು ನಮ್ಮಜ್ಜಿಯ ಕಾನೂನು. ಹೂಂಗುಟ್ಟುವವರು ನಿದ್ದೆ ಹೋದರೆ, ಪಾಪ, ರಾಜಕುಮಾರ ಕುದುರೆ ಹತ್ತಲು ಎತ್ತಿದ ಕಾಲನ್ನು ಎತ್ತಿಕೊಂಡೇ ಮರುದಿನದವರೆಗೆ ನಿಂತಿರಬೇಕಾಗಿತ್ತು.

ರೆಕ್ಕೆಯವನು ಹಗಲೆಲ್ಲ ಊರು ಕಾಯುತ್ತಿದ್ದ. ಸಂಜೆ ರೆಕ್ಕೆ ಹರಿದುಕೊಂಡು ಮನೆಗೆ ಬಂದರೆ ಅಲ್ಲೊಬ್ಬ ದರ್ಜಿ. "ಇವತ್ತೂ ಹರಕೊಂಡು ಬಂದ್ಯಾ? ನಿನಗೇನು, ಹಾರೋದು. ಕೂತು ಹೊಲಿಯೋನು ನಾನು" ಎಂದು ಬೈಯುತ್ತಲೇ ಸೂಜಿಗೆ ದಾರ ಪೋಣಿಸುತ್ತಿದ್ದ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಒಂದೇ ಕಂಬಳಿ ಹೊದ್ದು ಮಲಗುತ್ತಿದ್ದರು. ಊರಿನವರಿಗೆ ರೆಕ್ಕೆ ಕಾಣುತ್ತಿತ್ತು, ಹೊಲಿಗೆ ಕಾಣುತ್ತಿರಲಿಲ್ಲ.

ಇದು ಅಜ್ಜಿಯ ಕತೆಯಲ್ಲ, ನಾನು ಕೆಲಸ ಮಾಡುವ ಕಾಮಿಕ್ಸ್‌ನದು. ಹೆಸರು 'ಮಿಂಚುರೆಕ್ಕೆ'. ಚಿತ್ರ ಬರೆಯುವವರು ಪುಟ ಮುಗಿಸಿ ಕೊಟ್ಟ ಮೇಲೆ ಪಾತ್ರಗಳ ಬಾಯಿಂದ ಹೊರಡುವ ಬಲೂನುಗಳೊಳಗೆ ಮಾತು ತುಂಬುವುದು ನನ್ನ ಕೆಲಸ. ಒತ್ತಕ್ಷರ ಗೆರೆ ಮುಟ್ಟಬಾರದು, ದೀರ್ಘದ ಕೊಂಬು ಬಲೂನಿನ ಹೊಟ್ಟೆ ಒಡೆಯಬಾರದು. ಆಫೀಸಿನಲ್ಲಿ ನನಗೆ ಗುಳ್ಳೆರಾಣಿ ಎಂದು ಹೆಸರಿಟ್ಟಿದ್ದಾರೆ.

ನಮ್ಮ ಕಾಮಿಕ್ಸ್‌ನಲ್ಲಿ ಒಂದು ಜಾಣತನವಿತ್ತು. ದರ್ಜಿಯನ್ನು ಚಿತ್ರದಲ್ಲಿ ತೋರಿಸಬಹುದು: ಒಲೆಯ ಮುಂದೆ, ಹೊಲಿಗೆ ಮೆಷಿನ್ನಿನ ಮುಂದೆ. ಆದರೆ ರೆಕ್ಕೆಯವನು ಹೊರಗೆ ಬಾಯಿಬಿಟ್ಟರೆ ಬರುತ್ತಿದ್ದುದು ಒಂದೇ ಮಾತು: 'ಮನೇಲಿ ಅವರು ಕಾಯ್ತಿದ್ದಾರೆ.' ಅವರು ಎಂದರೆ ಹೆಂಡತಿಯಿರಬಹುದು, ತಾಯಿಯಿರಬಹುದು, ಬಾಡಿಗೆ ಮನೆಯ ಯಜಮಾನರೂ ಇರಬಹುದು. ಗೌರವದ ಮಾತು ಒಂದು ದೊಡ್ಡ ಕೊಡೆಯ ಹಾಗೆ. ಕೆಳಗೆ ಯಾರು ನಿಂತರೂ ಮುಖ ಕಾಣುವುದಿಲ್ಲ.

ಅದೇ ಕೊಡೆಯ ಕೆಳಗೆ ನಮ್ಮಣ್ಣನೂ ನಿಂತಿದ್ದ. ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ ಅವನದು. ಫೋನಿನಲ್ಲಿ ಅಮ್ಮನಿಗೆ, "ಅವರಿಗೆ ಜ್ವರ, ಆಮೇಲೆ ಮಾಡ್ತೀನಿ", "ಅವರು ಅಡುಗೆ ಮಾಡಿದಾರೆ, ಬಿಸಿ ಆರುತ್ತೆ" ಅನ್ನುತ್ತಿದ್ದ. ಅಮ್ಮ ಫೋನಿಟ್ಟು ಬೀಗುತ್ತಿದ್ದಳು. "ನೋಡೇ, ಹುಡುಗಿಗೆ ಎಷ್ಟು ಮರ್ಯಾದೆ ಕೊಡ್ತಾನೆ! ನಿಮ್ಮಪ್ಪ ಬದುಕಿರೋವರೆಗೂ ನನ್ನ 'ಏ ಇವಳೇ' ಅಂತಾನೇ ಕರೆದ್ರು. ಆ ಹುಡುಗಿಯ ಬೆರಳಿನ ಅಳತೆ ತರ್ಸು, ಉಂಗುರ ಮಾಡಿಸ್ತೀನಿ."

ಅಳತೆಯ ವಿಷಯ ಹೇಳಲು ನಾನೇ ಅವನ ಅಂಗಡಿಗೆ ಹೋದೆ. ಅಣ್ಣ ಒಂದೇ ಗಾಜನ್ನು ಒರೆಸಿದ್ದೇ ಒರೆಸಿದ್ದು.

"ಅಮ್ಮನಿಗೆ ಹೇಳಿಬಿಡೋ."

"ಬಾಯಿಗೇ ಬರಲ್ಲ ಪುಟ್ಟಿ. ಎಲ್ಲಿ ನೋಡಿ ಕಲೀಲಿ? ಚಿಕ್ಕಂದಿನಿಂದ ಓದಿದ ಕಾಮಿಕ್ಸ್‌ನಲ್ಲಿ ನಮ್ಮಂಥವರು ಬಂದ್ರೆ ಒಂದೋ ತುಟಿಗೆ ಬಣ್ಣ ಬಳ್ಕೊಂಡು ಕಿಸಿಕಿಸಿ ನಗೋ ಖಳ, ಇಲ್ಲಾ ಎರಡು ಪುಟ ಇದ್ದು ಸಾಯೋ ಗೆಳೆಯ. ನಿಮ್ಮ ರೆಕ್ಕೆಯೋನು ಬೆಟ್ಟ ಎತ್ತುತ್ತಾನೆ, ಬೆಂಕಿ ನುಂಗ್ತಾನೆ, ದರ್ಜೀನ 'ಅವನು' ಅನ್ನೋಕೆ ಆಗಲ್ಲ. ಕನ್ನಡಕ ಮಾರೋ ನಾನು ಅನ್ಬೇಕಾ?"

"ಅವನ ಬಾಯಲ್ಲಿ ಅದನ್ನ ನಾನೇ ಅನ್ನಿಸಿದ್ರೆ?"

"ಅನ್ನಿಸು. ಅಮ್ಮ ಅದನ್ನ ಓದಿದ ದಿನ ನಾನೂ ಅಂತೀನಿ. ಅಜ್ಜಿ ಆಣೆ."

ಅಜ್ಜಿಯ ಮೇಲೆ ಆಣೆಯಿಟ್ಟರೆ ನಮ್ಮ ಮನೆಯಲ್ಲಿ ಮುರಿಯುವಂತಿಲ್ಲ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಪೆನ್ನಿನ ಮುಳ್ಳು ಒರೆಸುವುದು, ಮತ್ತೆ ಅದ್ದುವುದು, ಕಿಟಕಿಗೆ ಹೋಗುವುದು, ಬರುವುದು. ಮಿಂಚುರೆಕ್ಕೆಯವನು ನನ್ನ ಮೇಜಿನ ಮೇಲೆ ಬಾಯಿ ತೆರೆದುಕೊಂಡು, ಮಾತಿಲ್ಲದ ಬಲೂನು ಹೊತ್ತು, ಅಜ್ಜಿಯ ರಾಜಕುಮಾರನ ಹಾಗೆ ಒಂಟಿಕಾಲಿನಲ್ಲಿ ನಿಂತಿದ್ದ.

ಆಗ ಕೈಯಲ್ಲಿದ್ದ ಸಂಚಿಕೆಯಲ್ಲಿ ಖಳ ಅವನನ್ನು ಗೋಪುರದ ತುದಿಯಲ್ಲಿ ಹಿಡಿದು, 'ನಿನಗೆ ಅಂತ ಯಾರಿದ್ದಾರೋ?' ಎಂದು ಕೇಳುವ ಪುಟವಿತ್ತು. ಉತ್ತರದ ಬಲೂನನ್ನು ಖಾಲಿ ಬಿಟ್ಟು ಸಂಪಾದಕರ ಕೋಣೆಗೆ ಒಯ್ದೆ. ಚಿತ್ರ ಬರೆಯುವವರು, ನಾವೆಲ್ಲ ಮಸಿಯಣ್ಣ ಅನ್ನುವವರು, ಅಲ್ಲೇ ಕೂತು ಟೀ ಕುಡಿಯುತ್ತಿದ್ದರು. ಕೆಳಗೆ ಪ್ರೆಸ್ಸಿನ ಗಾಡಿ ಹಾರ್ನ್ ಹೊಡೆಯುತ್ತಿತ್ತು.

"ಇಲ್ಲಿ 'ಮನೇಲಿ ಅವನು ಕಾಯ್ತಿದ್ದಾನೆ' ಅಂತ ಹಾಕ್ಲಾ ಸರ್?"

ಸಂಪಾದಕರು ಕನ್ನಡಕದ ಮೇಲಿಂದ ನೋಡಿದರು. "ಯಾಕಮ್ಮ? ಗೌರವವಾಗಿ 'ಅವರು' ಅಂತಿದೆ. ಬೇಕಾದವರು ಬೇಕಾದ್ದು ಓದ್ಕೋತಾರೆ."

"ಬೇಕಾದವರು ಎಷ್ಟು ವರ್ಷ ಅಂತ ಊಹೆ ಮಾಡ್ಕೊಂಡೇ ಓದ್ಬೇಕು ಸರ್?"

"ಸರಿ, ಒಂದು ಕೆಲಸ ಮಾಡೋಣ. ಮುಂದಿನ ಸಂಚಿಕೆಯಲ್ಲಿ ದರ್ಜಿ ಸಾಯ್ಲಿ. ಹೆಣದ ಮುಂದೆ ರೆಕ್ಕೆಯವನು ಕೂತು 'ಅವನು ನನ್ನವನು' ಅಂತ ಅಳ್ಲಿ. ಕಣ್ಣೀರು ಹಾಕೋ ಜಾಗದಲ್ಲಿ ಯಾರೂ ತಕರಾರು ತೆಗೆಯಲ್ಲ."

ಸತ್ತ ಮೇಲಷ್ಟೇ ಸಿಗುವ ಆ ಮಾತನ್ನು ತೆಗೆದುಕೊಂಡು ಹೋಗಿ ಅಣ್ಣನಿಗೆ ಏನೆಂದು ಕೊಡಲಿ?

ಮಸಿಯಣ್ಣ ಲೋಟ ಕೆಳಗಿಟ್ಟರು. "ದರ್ಜಿ ಸತ್ರೆ ರೆಕ್ಕೆ ಯಾರು ಹೊಲೀಬೇಕು? ನೀವು ಬರ್ತೀರಾ? ನಿಮ್ಮ ಅಂಗಿ ಗುಂಡಿ ಬಿದ್ದು ಎಷ್ಟು ದಿನ ಆಯ್ತು ನೋಡ್ಕೊಳ್ಳಿ."

ಸಂಪಾದಕರ ಕೈ ತಾನಾಗಿ ಎದೆಗೆ ಹೋಯಿತು. "ಅವಳು ಊರಿಗೆ ಹೋಗಿದಾಳೆ ಕಣಯ್ಯ."

"ಯಾರು ಸರ್?" ಅಂದೆ.

"ಇನ್ಯಾರು, ನನ್ನ ಹೆಂಡತಿ."

"ಮತ್ತೆ 'ಅವಳು' ಅಂದ್ರಿ. ಗೌರವ ಇಲ್ವಾ?"

"ಏ, ಕಟ್ಕೊಂಡವಳಿಗೆ ಎಂಥ ಬಹುವಚನ? ಹತ್ತಿರದವಳು ಕಣಮ್ಮ ಅವಳು…"

'ಹತ್ತಿರದವಳು' ಎಂದ ತಮ್ಮ ಮಾತು ತಮಗೇ ಕೇಳಿಸಿತು. ಬಿದ್ದ ಗುಂಡಿಯ ಜಾಗದ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಪುಟವನ್ನು ನನ್ನ ಕಡೆ ತಳ್ಳಿದರು.

"ಹಾಕು. ಯಾರಾದ್ರೂ ಕೇಳಿದ್ರೆ ಅಚ್ಚಿನ ತಪ್ಪು ಅಂದುಬಿಡ್ತೀನಿ, ಈಗಲೇ ಹೇಳಿದೀನಿ."

ನಿಂತುಕೊಂಡೇ ಬರೆದೆ. ಒಂದು ಅಕ್ಷರವೂ ಗೆರೆ ಮುಟ್ಟಲಿಲ್ಲ.

ಸಂಚಿಕೆ ಬಂದ ವಾರ ಅಣ್ಣ ಮನೆಗೆ ಬಂದ. ಬಂದವನು ಚೀಲ ಇಳಿಸಲಿಲ್ಲ, ಕೂರಲಿಲ್ಲ, ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದು ಮತ್ತೆ ನೀರು ಕುಡಿಯಲು ಹೋದ. ಅಮ್ಮ ಕಿಟಕಿಯ ಬಳಿ ಕೂತು, ನಾನು ತುಂಬಿದ ಬಲೂನುಗಳನ್ನು ಎಂದಿನಂತೆ ಜೋರಾಗಿ ಓದುತ್ತಿದ್ದಳು. ಖಳನಿಗೆ ಒಂದು ದನಿ, ರೆಕ್ಕೆಯವನಿಗೆ ಒಂದು ದನಿ, ಅಜ್ಜಿಯ ಮಗಳಲ್ಲವೇ.

"'ಮನೇಲಿ ಅವನು…'" ಅಮ್ಮ ತಡೆದಳು. ಪುಟವನ್ನು ಬೆಳಕಿಗೆ ಹಿಡಿದಳು. "ಏನೇ ಇದು? 'ಅವರು', ಇಲ್ಲಾ 'ಅವಳು' ಅಂತ ಇರ್ಬೇಕಲ್ವಾ? ಅಚ್ಚಿನ ತಪ್ಪು. ನಿನ್ನ ಕೆಲಸಕ್ಕೆ ಕುತ್ತು ಬಂದೀತು, ನೋಡ್ಕೋ."

ನಾನು ಬಾಯಿ ತೆರೆದೆ. ಹೌದಮ್ಮ ಎಂದಿದ್ದರೆ ಎಲ್ಲವೂ ಮೊದಲಿನಂತೆಯೇ ಇರುತ್ತಿತ್ತು, ಉಂಗುರದ ಅಳತೆಯ ಸಮೇತ. ಅಣ್ಣನ ಕಡೆ ನೋಡಿದೆ. ಅವನು ಬಾಗಿಲಿನ ಚೌಕಟ್ಟಿಗೆ ಒರಗಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಬಾಯಿ ಮುಚ್ಚಿಕೊಂಡೆ.

"ತಪ್ಪಲ್ಲಮ್ಮ ಅದು" ಅಂದ. ಖಾಲಿ ಲೋಟವನ್ನು ಮತ್ತೆ ಬಾಯಿಗೆ ಎತ್ತಿದ. ನನ್ನ ಕಾಲು ನೆಲ ಕುಟ್ಟುತ್ತಿತ್ತು. ಹೇಳೋ, ಹೇಳೋ.

ಅಮ್ಮ ಪುಸ್ತಕವನ್ನು ತೊಡೆಯ ಮೇಲೆ ಮಗುಚಿದಳು. ಅವನ ಮುಖವನ್ನೇ ನೋಡುತ್ತಾ, ಹುಟ್ಟಿದಾಗಿನಿಂದ ಅಜ್ಜಿಯ ಕತೆಗೆ ಹೂಂಗುಟ್ಟಿದ ಅಭ್ಯಾಸದಿಂದ, "ಹೂಂ" ಅಂದಳು.

"ನಾನು ಫೋನಲ್ಲಿ 'ಅವರು, ಅವರು' ಅಂತೀನಲ್ಲ…"

"ಹೂಂ." ಈ ಸಲ ಬಹಳ ಸಣ್ಣಗೆ.

"ಅವರು ಅಲ್ಲಮ್ಮ. ಅವನು. ಮನೇಲಿ ಅವನು ಕಾಯ್ತಿದ್ದಾನೆ."