ನಾಲ್ಕನೇ ಲೈನಿನ ಟೋಕನ್

"ಉಚ್ಚೆ ಹುಯ್ಯೋಕೆ ಹೋದೋಳು ಅಲ್ಲೇ ಹೆತ್ತು ಬಂದ್ಯೇನೇ?"

ನಾಲ್ಕನೇ ಲೈನಿನ ಕೊನೆಯಲ್ಲಿ ನಿಂತು ಸೂಪರ್‌ವೈಸರ್ ಕೂಗಿದ್ದು ಮೊದಲನೇ ಲೈನಿಗೂ ಕೇಳಿಸಿತು. ಅವನ ಕೊರಳಲ್ಲಿ ಯಾವಾಗಲೂ ಒಂದು ಸೀಟಿ ನೇತಾಡುತ್ತಿದ್ದುದರಿಂದ ಹೆಂಗಸರು ಬೆನ್ನ ಹಿಂದೆ ಅವನನ್ನು ಸೀಟಿ ಎಂದೇ ಕರೆಯುತ್ತಿದ್ದರು. ಬೈಸಿಕೊಂಡವಳು ಕಾಲರಕ್ಕ. ಹನ್ನೊಂದು ವರ್ಷದಿಂದ ಅಂಗಿಗಳಿಗೆ ಕಾಲರ್ ಕೂರಿಸುವುದೊಂದೇ ಕೆಲಸ ಮಾಡಿ ಮಾಡಿ, ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು.

ಬೇರೆ ದಿನವಾಗಿದ್ದರೆ ಅವಳು ತಲೆ ತಗ್ಗಿಸಿ ಕೂತುಬಿಡುತ್ತಿದ್ದಳು. ಅವತ್ತು ಬೆಳಗಿನಿಂದ ಕಿಬ್ಬೊಟ್ಟೆ ಹಿಂಡುತ್ತಿತ್ತು. ಕಕ್ಕಸಿಗೆ ಹೋಗಬೇಕಾದರೆ ಲೈನಿಗೊಂದೇ ಟೋಕನ್, ಅದು ಕೈಯಿಂದ ಕೈಗೆ ಸುತ್ತಿ ಅವಳ ಮೆಷಿನ್ನಿಗೆ ಬರುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಹಲ್ಲು ಕಚ್ಚಿ ಕಾದು, ಹೋಗಿ, ಏಳು ನಿಮಿಷಕ್ಕೆ ವಾಪಸು ಬಂದಿದ್ದಳು. ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆಯೇ ಅವಳು ಅಂದಳು:

"ಹೌದು ಸಾರ್, ಹೆತ್ತೆ. ನೋಡಿದ್ರೆ ನಿಮ್ಮ ಥರಾನೇ ಇತ್ತು. ಒಂದು ಬಕೆಟ್ ನೀರು ಹುಯ್ದು ಬಂದೆ."

ಮೊದಲು ಪಕ್ಕದ ಮೆಷಿನ್ನಿನಲ್ಲಿ ಅಂಗಿಯ ಜೇಬು ಹೊಲಿಯುವ, ಅವಳು ತಂಗಿ ಎಂದೇ ಕರೆಯುತ್ತಿದ್ದ ಹುಡುಗಿಯ ಮೂಗಿನಿಂದ ಪುಸಕ್ಕೆಂದು ಸದ್ದು ಬಂತು. ಆಮೇಲೆ ನಲವತ್ತು ಮೆಷಿನ್ನುಗಳೂ ನಿಂತವು. ವರ್ಷಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದವರು ಬಟ್ಟೆಯ ರಾಶಿಯ ಮೇಲೆ ಬಿದ್ದು ಬಿದ್ದು ನಕ್ಕರು. ಸೀಟಿ ಕೆಂಡಾಮಂಡಲವಾಗಿ ಸೀಟಿ ಊದಿದ. ಊದಿದಷ್ಟೂ ನಗು ಜಾಸ್ತಿಯಾಯಿತು. ಮಾತಿಗೆ ಬೇಕಿದ್ದರೆ ಅವನು ಒಂದು ದಿನದ ಹಾಜರಿ ಕತ್ತರಿಸಿ ಬಿಡುತ್ತಿದ್ದನೇನೋ. ಆ ಹೆಂಗಸರ ನಗುವನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

"ಏಳು ಮೇಲೆ. ಏಪ್ರನ್ ಬಿಚ್ಚು. ಈಗಿಂದೀಗ್ಲೇ ತೊಲಗು. ಈ ಊರಲ್ಲಿ ಇನ್ನೆಲ್ಲಿ ಸೂಜಿ ಹಿಡೀತೀಯೋ ನಾನೂ ನೋಡ್ತೀನಿ."

ಗೇಟಿನಲ್ಲಿ ಕಾವಲುಗಾರ ಅವಳ ಊಟದ ಡಬ್ಬಿಯ ಮುಚ್ಚಳ ತೆಗೆಸಿ, ಚೀಲ ಕೊಡವಿಸಿ ಹೊರಗೆ ಕಳಿಸಿದ.

ಟೋಕನ್ ಸಿಕ್ಕಿದ್ದು ಮನೆಯಲ್ಲಿ, ಸ್ನಾನಕ್ಕೆಂದು ಬಟ್ಟೆ ಸಡಿಲಿಸಿದಾಗ. ಅಂಗೈಯಗಲದ ಮರದ ತುಂಡು, ಮೇಲೆ ಕಾದ ಕಬ್ಬಿಣದಲ್ಲಿ ಬರೆದ ನಾಲ್ಕು, ನಲವತ್ತು ಜನರ ಬೆವರು ಕುಡಿದು ಕಪ್ಪಗಾಗಿತ್ತು. ಏಪ್ರನ್‌ಗಳಿಗೆ ಜೇಬೇನೋ ಇದ್ದವು. ದಾರದ ಉಂಡೆ ಹೊರಗೆ ಹೋದೀತೆಂದು ಕಂಪನಿಯೇ ಅವುಗಳ ಬಾಯಿ ಹೊಲಿಸಿಬಿಟ್ಟಿತ್ತು. ಹಾಗಾಗಿ ಟೋಕನ್ ಸಿಕ್ಕವಳು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೋಗಬೇಕು, ಬಂದಮೇಲೆ ತೆಗೆದು ಮುಂದಿನವಳಿಗೆ ಕೊಡಬೇಕು. ಕೊಡುವ ಮೊದಲೇ ಅವಳನ್ನು ಎಬ್ಬಿಸಿ ಓಡಿಸಿದ್ದರು.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಬಟ್ಟೆ ಕಂಪನೀಲಿ ಹನ್ನೊಂದು ವರ್ಷ ಇದ್ದು, ಹೊತ್ಕೊಂಡು ಬಂದಿದ್ದು ಕಕ್ಕಸಿನ ಟೋಕನ್ನಾ? ನಿನ್ನ ಗಂಡನಿಗೆ ಒಂದು ಅಂಗಿನಾದ್ರೂ ತರೋಕಾಗ್ಲಿಲ್ವೇನೇ?"

ಗಂಡ ನಗಲಿಲ್ಲ. ಅವನು ಮರದ ಅಂಗಡಿಯಲ್ಲಿ ಬಾಗಿಲು ಮಾಡುವವನು, ವಾರದಲ್ಲಿ ಮೂರು ದಿನ ಕೆಲಸವಿದ್ದರೆ ಹೆಚ್ಚು. ಮನೆ ನಡೆಯುತ್ತಿದ್ದುದು ಕಾಲರ್‌ಗಳ ಮೇಲೆ. "ಬೆಳಗ್ಗೆನೇ ಹೋಗಿ ಕೊಟ್ಬಿಡೇ, ಕೊಟ್ಟು ಕೈ ಮುಗಿ," ಅಂದ. ಮೂರು ಸಲ ಅಂದ.

ಬೆಳಗ್ಗೆ ಕಾವಲುಗಾರ ಅವಳನ್ನು ಒಳಗೆ ಬಿಡಲಿಲ್ಲ. ನೀವೇ ತಲುಪಿಸಿ ಅಂದರೆ, ಹಾವು ಕೊಟ್ಟಂತೆ ಹಿಂದೆ ಸರಿದ. "ಲೈನಿನ ಸಾಮಾನು ನಾನು ಮುಟ್ಟೋಹಾಗಿಲ್ಲ ತಾಯಿ. ಆಮೇಲೆ ನನ್ನ ತಲೆಗೆ ಕಟ್ತಾರೆ."

ಅಲ್ಲಿಂದಲೇ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡು ಕೆಲಸ ಹುಡುಕಲು ಹೊರಟಳು. ಒಳ್ಳೆ ಕಾಲರ್ ಕೈ ಇದ್ದವಳಿಗೆ ಕೆಲಸಕ್ಕೇನು ಬರ ಎಂಬ ಧೈರ್ಯ ಅವಳಿಗಿತ್ತು.

ಮೊದಲ ಕಾರ್ಖಾನೆಯಲ್ಲಿ ಅವಳ ಕೈ ನೋಡಲು ಒಂದು ಅಂಗಿ ಕೊಟ್ಟರು. ಕಾಲರ್‌ನ ತುದಿ ಮಡಚಿ ತಿರುಗಿಸುವಾಗ ಎಲ್ಲರೂ ಕತ್ತರಿಯ ಮೊನೆಯಿಂದ ತಿವಿಯುತ್ತಾರೆ. ತುದಿ ಹರಿಯುತ್ತದೆ ಇಲ್ಲವೇ ಮೊಂಡಾಗುತ್ತದೆ. ಅವಳು ಒಳಗೊಂದು ದಾರ ಬಿಟ್ಟು ಹೊಲಿದು, ಆ ದಾರ ಹಿಡಿದು ಎಳೆಯುತ್ತಿದ್ದಳು. ತುದಿ ತಾನಾಗಿ ಚೂಪಾಗಿ ಹೊರಗೆ ಬರುತ್ತಿತ್ತು. ಪರೀಕ್ಷೆ ಮಾಡುವ ಹೆಂಗಸು ಎರಡೂ ತುದಿಗಳನ್ನು ಒಂದಕ್ಕೊಂದು ಹಚ್ಚಿ ನೋಡಿ, "ಕೈ ಅಂದ್ರೆ ಇದು ಕಣಮ್ಮ. ನಾಳೆಯಿಂದ ಬಾ," ಅಂದಳು. ಕಾಲರಕ್ಕನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಗಾಜಿನ ಕೋಣೆಯಿಂದ ಮ್ಯಾನೇಜರ್ ಕರೆದ. ಹಳೇ ಕಂಪನಿಗೆ ಮಾಡಿ ವಿಚಾರಿಸಿದ ಫೋನು ಇನ್ನೂ ಅವನ ಕೈಯಲ್ಲೇ ಇತ್ತು.

"ಹಳೇ ಕಂಪನಿಯ ವಸ್ತು ಕದ್ದಿದ್ದೀಯಂತಲ್ಲ?"

"ಕದ್ದಿಲ್ಲ ಸಾರ್. ಮರೆತು ಬಂದ್ಬಿಟ್ಟಿದೆ. ವಾಪಸು ಕೊಡೋಕ್ಹೋದ್ರೆ ಒಳಗೇ ಬಿಡ್ಲಿಲ್ಲ."

"ಏನು ವಸ್ತು?"

ಅವಳು ಸೊಂಟದಿಂದ ಟೋಕನ್ ತೆಗೆದು ಅವನ ಮೇಜಿನ ಮೇಲಿಟ್ಟಳು. ಒಂದು ಕ್ಷಣ ಅವನಿಗೆ ಅದೇನೆಂದು ಹೊಳೆಯಲಿಲ್ಲ. ಹೊಳೆದಾಗ ಕುರ್ಚಿ ಹಿಂದಕ್ಕೆ ತಳ್ಳಿದ.

"ಥೂ, ತೆಗಿ ಅದನ್ನ. ಅನ್ನ ತಿನ್ನೋ ಮೇಜು ಇದು."

"ನಾವು ಅದನ್ನ ಸೊಂಟಕ್ಕಿಟ್ಕೊಂಡು, ಅದೇ ಕೈಯಲ್ಲೇ ಅನ್ನ ತಿಂದಿದೀವಿ ಸಾರ್."

"ಬಾಯಿ ಬೇರೆ. ನಡಿ ನಡಿ. ಕಳ್ಳಿ ಅನ್ನಿಸ್ಕೊಂಡೋಳನ್ನ ಒಳಗಿಟ್ಕೊಂಡ್ರೆ ಬಾಕಿಯೋರು ಕೆಡ್ತಾರೆ."

ಅವಳು ಹೊಲಿದ ಅಂಗಿಯನ್ನು ಮಾತ್ರ ಅವರು ಮಾಲಿನ ರಾಶಿಗೆ ಸೇರಿಸಿಕೊಂಡರು.

ಎರಡನೆಯ ಕಡೆ, ಮೂರನೆಯ ಕಡೆ ಅದೇ ಕಥೆ. ಎಲ್ಲರೂ ವಸ್ತು ಅನ್ನುತ್ತಿದ್ದರು. ಸೀಟಿ ಫೋನಿನಲ್ಲಿ ಆ ಒಂದು ಮಾತು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಕೇಳಿದವರು ತಂತಮ್ಮ ಮನಸ್ಸಿಗೆ ಬಂದದ್ದನ್ನು ತುಂಬಿಕೊಳ್ಳುತ್ತಿದ್ದರು. ಒಬ್ಬ ಮೋಟಾರು ಅಂದುಕೊಂಡಿದ್ದ, ಇನ್ನೊಬ್ಬ ಒಂದು ಥಾನು ಬಟ್ಟೆ. ಅವಳ ಹನ್ನೊಂದು ವರ್ಷದ ಕೈಯನ್ನು ಒಂದು ಹಾಳು ಪದ ತಿಂದುಹಾಕಿತು.

ಎಂಟನೇ ದಿನಕ್ಕೆ ಅವಳು ಹೊಲಿಗೆ ಬಿಟ್ಟು ಮನೆಗೆಲಸ ಕೇಳಿಕೊಂಡು ಹೋದಳು. ಮೂರು ಮಹಡಿಯ ಮನೆ. ಒಡತಿ ನೆಲ, ಪಾತ್ರೆ, ಬಟ್ಟೆ, ಕಿಟಕಿ ಎಲ್ಲ ತೋರಿಸಿದಳು. ನಾಲ್ಕು ಬಾತ್‌ರೂಮು, ನಾಲ್ಕನ್ನೂ ದಿನಾ ತಿಕ್ಕಬೇಕು.

"ಬೆಳಗ್ಗೆ ಏಳರಿಂದ ಸಂಜೆ ಆರು. ನೋಡಮ್ಮ, ಮೊದಲೇ ಹೇಳ್ಬಿಡ್ತೀನಿ, ಕೆಲಸದೋರಿಗೆ ಅಂತ ಬೇರೆ ಬಾತ್‌ರೂಮ್ ಇಲ್ಲ. ನಿಂದೆಲ್ಲ ಮನೇಲೇ ಮುಗಿಸ್ಕೊಂಡು ಬರಬೇಕು."

"ಹನ್ನೊಂದು ಗಂಟೆ ಹೊತ್ತು ಹೆಂಗಮ್ಮ?"

"ಹಿಂದಿನೋಳು ನೀರು ಕಮ್ಮಿ ಕುಡೀತಿದ್ಲು," ಎಂದಳು ಒಡತಿ. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಬುದ್ಧಿ ಹೇಳುವವಳ ಹಾಗೆಯೇ ಹೇಳಿದಳು. ಕಾಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದುಬಿಟ್ಟಳು.

ಅವತ್ತು ಸಂಜೆ ಜೇಬು ಹೊಲಿಯುವ ತಂಗಿ ಮನೆಗೆ ಬಂದಳು. ಬಂದವಳು ಚಪ್ಪಲಿಯನ್ನೂ ಬಿಡದೆ ಮೊದಲು ಹಿತ್ತಿಲಿಗೆ ಓಡಿ, ವಾಪಸು ಬಂದು ಗೋಡೆಗೊರಗಿ ಕೂತಳು.

"ಅಕ್ಕಾ, ಆ ಟೋಕನ್ ತಂದ್ಕೊಟ್ಬಿಡಕ್ಕ. ಆ ಬೋಳಿಮಗ ಹೊಸದು ಮಾಡಿಸಲ್ಲ ಅಂತಾನೆ. ನಿಮ್ಮ ಅಕ್ಕ ತಂದ್ಕೊಡೋವರೆಗೂ ಕಟ್ಕೊಂಡು ಕೂತ್ಕೊಳ್ರೇ, ಆವತ್ತು ನಕ್ರಲ್ಲ, ಈಗ ನಗ್ರಿ ಅಂತಾನೆ. ಊಟದ ಹೊತ್ತಲ್ಲಿ ಒಂದೇ ಸಲ ಬಿಡ್ತಾನೆ. ಆಗ ಅಲ್ಲಿ ನಾಲ್ಕು ಲೈನಿನೋರೂ ಸಾಲು ನಿಂತಿರ್ತಾರೆ."

"ಗುಂಡಿಯೋಳು ಹೆಂಗಿದಾಳೆ?"

ಗುಂಡಿ ಹಚ್ಚುವ ಹುಡುಗಿಗೆ ಏಳು ತಿಂಗಳು.

"ನಿನ್ನೆ ಕುರ್ಚೀಲೇ ಉಚ್ಚೆ ಆಗೋಯ್ತಕ್ಕ. ಎಲ್ಲರೆದುರು ಅವಳ ಏಪ್ರನ್ನಿಂದ್ಲೇ ಒರೆಸಿಸ್ದ. ಆ ಒದ್ದೆ ಏಪ್ರನ್ನನ್ನೇ ಕಟ್ಕೊಂಡು ಸಾಯಂಕಾಲದವರೆಗೂ ಗುಂಡಿ ಹಚ್ಚಿದ್ಲು. ಒಂದು ಮಾತಾಡ್ಲಿಲ್ಲ."

ಕಾಲರಕ್ಕ ಅತ್ತಳು. ತನಗೆ ಕೆಲಸ ಹೋದಾಗ ಅವಳು ಅತ್ತಿರಲಿಲ್ಲ.

ತಂಗಿ ಇನ್ನೂ ಒಂದು ಮಾತು ತಂದಿದ್ದಳು. ಕಾಲರಕ್ಕ ಟೋಕನ್ ತಂದುಕೊಟ್ಟು, ಕದ್ದಿದ್ದು ನಿಜ ಎಂದು ಬರೆದ ಕಾಗದಕ್ಕೆ ಲೈನಿನ ಮುಂದೆ ಸಹಿ ಹಾಕಿ ತಪ್ಪಾಯ್ತು ಅಂದರೆ, ಸೀಟಿ ಎಲ್ಲ ಕಡೆಗೂ ಫೋನು ಮಾಡಿ ಇವಳದೇನೂ ತಕರಾರಿಲ್ಲ ಎಂದು ಹೇಳುತ್ತಾನಂತೆ. ರಜದ ಮರುದಿನ ಬೆಳಗ್ಗೆ ಗೇಟಿನ ಹತ್ತಿರ ಬರಬೇಕಂತೆ.

"ಹಾಕ್ಬಿಡು," ಅಂದ ಗಂಡ, ತಂಗಿ ಹೋದಮೇಲೆ. "ಒಂದು ಸಹಿ ತಾನೇ? ಅವನನ್ನ ಎದುರು ಹಾಕ್ಕೊಂಡ್ರೆ ಇರೋ ಬಾಗಿಲೂ ಮುಚ್ಹೋಗುತ್ತೆ."

"ಯಾವ ಬಾಗಿಲು ತೆರ್ದಿದೆ ತೋರಿಸ್ರೀ. ಬಾಗಿಲು ಮಾಡೋರು ನೀವೇ ತಾನೇ?"

ಅವಳು ಟೋಕನ್ನನ್ನು ಅವನ ಅಂಗೈಯಲ್ಲಿಟ್ಟಳು. "ಇದು ಯಾವ ಮರ?"

ಅವನು ಮೂಸಿದ, ಉಗುರಿನಿಂದ ಕೆರೆದ. "ಪೆಟ್ಟಿಗೆ ಮಾಡೋ ಹಲಗೆ. ಅಂಗಡೀಲಿ ಒಲೆಗೆ ಹಾಕೋಕೆ ಇಟ್ಟಿರ್ತಾರೆ."

ರಜದ ದಿನ ಮಧ್ಯಾಹ್ನ ಅವನು ಒಂದು ಮೂಟೆ ಹಲಗೆ ಚೂರು ಹೊತ್ತು ತಂದ. ಯಾಕೆ, ಏನು ಎಂದು ಅವಳು ಹೇಳಿದಾಗ ಅವನ ಮುಖ ಬಿಳುಚಿಕೊಂಡಿತು. ಆದರೂ ಗರಗಸ ಕೆಳಗಿಡಲಿಲ್ಲ. ಅವನು ಕೊಯ್ದ, ಅವಳು ಉಜ್ಜಿದಳು. ಅತ್ತೆ ಒಲೆಯ ಮುಂದೆ ಕೂತು ಮೊಳೆ ಕಾಯಿಸಿ ಕಾಯಿಸಿ ಒಂದೊಂದರ ಮೇಲೂ ನಾಲ್ಕು ಬರೆದಳು. ಅಕ್ಷರ ಬಾರದ ಮುದುಕಿ ಜನ್ಮದಲ್ಲಿ ಬರೆದದ್ದು ಆ ಒಂದೇ ಅಂಕಿ. ಕೊನೆಗೆ ಎಲ್ಲಕ್ಕೂ ಮಸಿ, ಎಣ್ಣೆ ಸವರಿ ಒರೆಸಿದರು. ಮೂವತ್ತೊಂಬತ್ತು ಹೊಸವು. ಹಳೆಯದನ್ನು ಅವುಗಳ ನಡುವೆ ಹಾಕಿ ಕಲಕಿದಮೇಲೆ ಅವಳಿಗೇ ಗುರುತು ಸಿಗಲಿಲ್ಲ.

ಬೆಳಗ್ಗೆ ಗೇಟಿನ ಮುಂದೆ ಸೀಟಿ ನಾಲ್ಕನೇ ಲೈನಿನವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಕಾಲರಕ್ಕನ ಕುರ್ಚಿಗೆ ಬಂದ ಹೊಸ ಹುಡುಗಿಯೂ ಇದ್ದಳು. ಗುಂಡಿಯವಳು ನೆಲ ನೋಡುತ್ತಾ ಕೊನೆಯಲ್ಲಿ ನಿಂತಿದ್ದಳು. ಸೀಟಿ ಕಾಗದ ಬರೆಸಿಕೊಂಡೇ ಬಂದಿದ್ದ.

"ಓದಿ ಸಹಿ ಹಾಕು. ಗಟ್ಟಿಯಾಗಿ ಓದು."

ಕಾಲರಕ್ಕ ಗಟ್ಟಿಯಾಗಿಯೇ ಓದಿದಳು. "ನಾನು ಕಂಪನಿಯ ವಸ್ತುವನ್ನು ಕದ್ದಿರುವುದು ನಿಜ." ಅಲ್ಲಿಗೇ ನಿಲ್ಲಿಸಿದಳು.

"ಯಾವ ವಸ್ತು ಅಂತ ಬರೆದಿಲ್ವಲ್ಲ ಸಾರ್. ಕಕ್ಕಸಿನ ಟೋಕನ್ ಅಂತ ಬರೀರಿ. ನಲವತ್ತು ಜನಕ್ಕೆ ಒಂದೇ ಇತ್ತು ಅಂತ್ಲೂ ಬರೀರಿ. ಈಗ್ಲೇ ಸಹಿ ಹಾಕ್ತೀನಿ."

"ಅದೆಲ್ಲ ಕಾಗದದಲ್ಲಿ ಬರೆಯೋಕಾಗುತ್ತೇನೇ? ಇದನ್ನ ನಾಲ್ಕು ಜನ ನೋಡ್ತಾರೆ."

"ನೋಡ್ಲಿ ಅಂತಾನೇ ಹೇಳಿದ್ದು."

"ಏ ಮುಂಡೆ, ಮೊದಲು ಟೋಕನ್ ಕೊಡು."

"ತಂದಿದೀನಿ ಸಾರ್."

ಅವಳು ಚೀಲದ ಬಾಯಿ ಬಿಚ್ಚಿ ಸಾಲಿನ ಕೊನೆಗೆ ಹೋದಳು. ಮೊದಲ ಟೋಕನ್ನನ್ನು ಗುಂಡಿಯವಳ ಕೈಗೆ ಕೊಟ್ಟಳು. ಎರಡನೆಯದು ತಂಗಿಗೆ, ಮೂರನೆಯದು ಅವಳ ಪಕ್ಕದವಳಿಗೆ. ಹೊಸ ಹುಡುಗಿ ಹಿಂಜರಿದಳು. ಕಾಲರಕ್ಕ ಅವಳ ಬೆರಳು ಮಡಚಿ ಟೋಕನ್ ಹಿಡಿಸಿದಳು. ಸೀಟಿಗೆ ಇದೇನೆಂದು ಅರ್ಥವಾಗುವ ಹೊತ್ತಿಗೆ ಅರ್ಧ ಸಾಲು ಮುಗಿದಿತ್ತು. ಅವನು ಚೀಲಕ್ಕೆ ಕೈ ಹಾಕಿದಾಗ ಅದರ ತಳದಲ್ಲಿ ಮರದ ಹೊಟ್ಟು ಮಾತ್ರ ಇತ್ತು.

"ಇದರಲ್ಲಿ ಕಂಪನೀದು ಯಾವುದೇ?"

"ನಲವತ್ತರಲ್ಲಿ ಒಂದು ನಿಮ್ಮದೇ ಸಾರ್. ಹುಡುಕ್ಕೊಳ್ಳಿ."

ನಲವತ್ತು ಹೆಂಗಸರು ಟೋಕನ್ನುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಸೀಟಿಯ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಗುಂಡಿಯವಳು ತಲೆ ಎತ್ತಿ ಅವನನ್ನು ನೋಡಿದಳು.

"ತೆಕ್ಕೋ ಬಾ," ಅಂದಳು.

ಎಂಟು ಗಂಟೆಯ ಗಂಟೆ ಹೊಡೆಯಿತು. ಮಾಲು ಅವತ್ತೇ ಹೋಗಬೇಕಿತ್ತು. ಅವರನ್ನು ಹೊರಗೆ ನಿಲ್ಲಿಸುವಂತಿರಲಿಲ್ಲ. ಸಾಲು ಒಳಗೆ ಹೋಯಿತು. ಸೀಟಿ ಸಹಿಯಿಲ್ಲದ ಕಾಗದವನ್ನು ಅವಳ ಮುಖದೆದುರೇ ಹರಿದ. "ನೀನು ಇನ್ನು ಭಿಕ್ಷೆ ಬೇಡಬೇಕು, ಗೊತ್ತಾಯ್ತಾ? ಬೇಡಿಸ್ತೀನಿ," ಎಂದು ಒಳಗೆ ಓಡಿದ. ಅವನು ಮಾಡಿಸಿಯೇ ತೀರುವವನೆಂದು ಅವಳಿಗೆ ಗೊತ್ತಿತ್ತು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

ಅವಳು ಮನೆಗೆ ಹೋಗಲಿಲ್ಲ. ಕಾರ್ಖಾನೆಯನ್ನು ಸುತ್ತು ಹಾಕಿ ಹಿಂದಿನ ಓಣಿಗೆ ಬಂದಳು. ಅಲ್ಲಿ ಗೋಡೆಯ ಮೇಲ್ಭಾಗದಲ್ಲಿ ಕಕ್ಕಸಿನ ಸಣ್ಣ ಕಿಂಡಿಯಿತ್ತು. ಚರಂಡಿಯ ಕಲ್ಲಿನ ಮೇಲೆ ಖಾಲಿ ಚೀಲ ಮಡಚಿ ಹಾಕಿಕೊಂಡು ಕೂತಳು. ಒಳಗೆ ಮೆಷಿನ್ನುಗಳು ಶುರುವಾದವು. ಸ್ವಲ್ಪ ಹೊತ್ತು ಅಷ್ಟೇ ಕೇಳಿಸುತ್ತಿತ್ತು. ಯಾರೂ ಏಳುವುದಿಲ್ಲವೇನೋ, ಮನೆ ಮಕ್ಕಳು ಇದ್ದವರು ಹೇಗೆ ಏಳುತ್ತಾರೆ ಎಂದುಕೊಳ್ಳುತ್ತಾ ಅವಳು ಕಿಂಡಿಯ ಕಡೆಗೇ ಕಿವಿಗೊಟ್ಟಳು.

ಆಮೇಲೆ ಒಂದು ಕುರ್ಚಿ ಎಳೆದ ಸದ್ದಾಯಿತು. ಸೀಟಿ ಕೂಗಿತು. ಕಿಂಡಿಯೊಳಗೆ ಬಾಗಿಲಿನ ಚಿಲಕ ಬಿತ್ತು, ಸ್ವಲ್ಪ ಹೊತ್ತಾದಮೇಲೆ ಬಕೆಟ್ಟಿನಿಂದ ನೀರು ಹುಯ್ದ ಸದ್ದು ಬಂತು. ಇನ್ನೊಂದು ಕುರ್ಚಿ, ಮತ್ತೊಂದು. ಸೀಟಿ ಕೂಗುತ್ತಲೇ ಇತ್ತು. ಅವಳ ಕಾಲ ಬುಡದ ಚರಂಡಿಯಲ್ಲಿ ನೀರು ಹರಿದು ಬರತೊಡಗಿತು. ಅವಳು ಕಾಲು ಹಿಂದಕ್ಕೆ ತೆಗೆದುಕೊಳ್ಳದೆ ಹಾಗೆಯೇ ಕೂತಳು.