ಮಠದ ನೆಲಕ್ಕೆ ಹಾಸಿದ ಬೀಸುಕಲ್ಲುಗಳು

ಹೆರ್ನ್‌ವಿಕ್ ಊರಿನ ಹೊಳೆಗೆ ಕ್ರೈಸ್ತ ಮಠದ ಸನ್ಯಾಸಿಗಳು ನೀರಿನ ಗಿರಣಿ ಕಟ್ಟಿಸಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಆಲ್ಡಿತ್. ಮದುವೆಯಾಗಿ ಬಂದಂದಿನಿಂದ ಬೀಸುಕಲ್ಲಿನ ಮುಂದೆ ಮಂಡಿಯೂರಿ ಕೂತು ಅವಳ ಮೊಣಕಾಲು ಜಡ್ಡುಗಟ್ಟಿದ್ದವು. ಮರದ ದೊಡ್ಡ ಚಕ್ರ ನೀರಿನ ಹೊಡೆತಕ್ಕೆ ತಿರುಗುವುದನ್ನೂ, ಒಳಗೆ ಭಾರಿ ಕಲ್ಲು ಗುಡುಗುಟ್ಟುತ್ತ ಹಿಟ್ಟು ಸುರಿಸುವುದನ್ನೂ ನೋಡಿ ಅವಳಿಗೆ ಕಣ್ಣೇ ತುಂಬಿ ಬಂದಿತ್ತು. ತಾನು ಅರ್ಧ ದಿನ ಬೀಸುವ ಗೋಧಿಯನ್ನು ಅದು ಎರಡು ಮಾತಾಡುವಷ್ಟರಲ್ಲಿ ಮುಗಿಸುತ್ತಿತ್ತು.

"ಇದನ್ನ ಕಂಡುಹಿಡಿದವನ ಹೊಟ್ಟೆ ತಣ್ಣಗಿರ್ಲಿ ಅತ್ತೆ," ಎಂದಳು ಮನೆಗೆ ಬಂದು.

"ಇರತ್ತೆ ಬಿಡು. ನಮ್ಮ ಹಿಟ್ಟು ತಿಂದ್ಕೊಂಡು ತಣ್ಣಗೇ ಇರತ್ತೆ," ಎಂದಳು ಹಲ್ಲಿಲ್ಲದ ಅತ್ತೆ ಹಾವಿಸ್.

ಮುದುಕಿಯ ಮಾತು ಸುಳ್ಳಾಗಲಿಲ್ಲ. ಬೀಸಿದ ಪ್ರತಿ ಮೂಟೆಯಿಂದಲೂ ಮಠ ತನ್ನ ಪಾಲು ಮುರಿದುಕೊಳ್ಳುತ್ತಿತ್ತು. ಬರಬರುತ್ತ ಪಾಲು ಹಿಗ್ಗಿತು. ಬಡವರು ಮತ್ತೆ ಮನೆಯಲ್ಲೇ ಬೀಸತೊಡಗಿದರು. ಆಗ ಅಪ್ಪಣೆ ಹೊರಟಿತು: ಹೊಲ ಮಠದ್ದು, ಹೊಳೆ ಮಠದ್ದು, ಆದ್ದರಿಂದ ಕಾಳು ಬೀಸುವ ಹಕ್ಕೂ ಮಠದ್ದೇ, ಯಾರ ಮನೆಯಲ್ಲೂ ಬೀಸುಕಲ್ಲು ಇರಕೂಡದು.

ಸುಗ್ಗಿ ಮುಗಿಯುತ್ತಲೇ ಮಠದ ಜಮೀನು ನೋಡಿಕೊಳ್ಳುವ ಪಾರುಪತ್ಯಗಾರನ ಆಳುಗಳು ಎತ್ತಿನ ಗಾಡಿ ಹೊಡೆದುಕೊಂಡು ಬಂದರು. ಆಲ್ಡಿತ್ ಹೊಸ್ತಿಲಲ್ಲಿ ಅಡ್ಡ ನಿಂತಳು.

"ನನ್ನವ್ವ ತವರಿಂದ ಕೊಟ್ಟು ಕಳಿಸಿದ ಕಲ್ಲಯ್ಯಾ ಅದು. ಮುಟ್ಟಿದ್ರೆ ನೋಡು!"

"ಸುಮ್ನಿರೇ," ಎಂದು ಗಂಡ ಎಡ್ರಿಕ್ ಅವಳ ರಟ್ಟೆ ಹಿಡಿದು ಎಳೆದ. "ಹೊಲ ಕಿತ್ಕೊಂಡ್ರೆ ಏನ್ ಮಾಡ್ತೀಯ?"

"ಆ ಗಿರಣಿ ಕಾಲುವೆ ತೋಡಿದ್ದು ಯಾರು? ನೀನು! ಕೂಲಿ ಇಲ್ಲ, ಕೂಳಿಲ್ಲ, ಸೊಂಟ ಬೀಳೋ ಹಾಗೆ ತೋಡ್ದೆ. ಇವತ್ತು ನಿನ್ನ ಮನೆ ಕಲ್ಲಿಗೇ ಕೈ ಹಾಕ್ತಾ ಇದಾರೆ, ನನ್ನ ಬಾಯಿ ಮುಚ್ಚಿಸ್ತೀಯಾ?"

ಎಡ್ರಿಕ್ ತಲೆ ತಗ್ಗಿಸಿದ. ಕಲ್ಲು ಗಾಡಿ ಏರಿತು.

ಕ್ರಿಸ್ಮಸ್ ಕಳೆದ ಮೇಲೆ ಚಳಿ ಎಂದೂ ಇಲ್ಲದ ಹಾಗೆ ಬಿತ್ತು. ಹೊಳೆ ದಡದಿಂದ ದಡಕ್ಕೆ ಹೆಪ್ಪುಗಟ್ಟಿತು. ಚಕ್ರಕ್ಕೆ ಮಂಜುಗಡ್ಡೆ ಅಂಟಿ ಅದು ನಿಂತೇ ಹೋಯಿತು. ಊರಿನ ಕಣಜಗಳಲ್ಲಿ ಕಾಳಿತ್ತು, ಒಂದು ಮನೆಯಲ್ಲೂ ಹಿಟ್ಟಿರಲಿಲ್ಲ. ಜನ ಇಡೀ ಗೋಧಿಯನ್ನೇ ಬೇಯಿಸಿ ತಿಂದರು. ಹಾವಿಸ್‌ಗೆ ಅಗಿಯಲಾಗದು, ನುಂಗಿದ್ದೆಲ್ಲ ಹಾಗೇ ವಾಂತಿಯಾಗುತ್ತಿತ್ತು. ಆಲ್ಡಿತ್ ಎರಡು ಹೊಳೆಗಲ್ಲುಗಳ ನಡುವೆ ಕಾಳು ಜಜ್ಜಿ ಗಂಜಿ ಮಾಡಿದರೆ ಬಾಯಿತುಂಬ ಕಲ್ಲಿನ ಚೂರು. ಮುದುಕಿ ದಿನದಿಂದ ದಿನಕ್ಕೆ ಹಾಸಿಗೆಗೆ ಅಂಟತೊಡಗಿದಳು.

ಆಲ್ಡಿತ್ ಶಾಲು ಬಿಗಿದುಕೊಂಡು ಮಠಕ್ಕೆ ಹೋದಳು. ಉಗ್ರಾಣದ ಸನ್ಯಾಸಿ ರೇನಾಲ್ಡ್ ಅವಳನ್ನು ಗುರುಗಳ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದ. ಒಳಗೆ ಬೆಂಕಿ ಉರಿಯುತ್ತಿತ್ತು. ಮಠದ ಗುರುಗಳು ಬಿಳಿ ರೊಟ್ಟಿ ಮುರಿದು ಸಾರಿಗೆ ಅದ್ದುತ್ತಿದ್ದರು. ಮಠದ ಉಗ್ರಾಣಕ್ಕೆ ಹಿಟ್ಟಿನ ಬರವಿರಲಿಲ್ಲ. ಆಲ್ಡಿತ್ ವಂದಿಸಲು ತಲೆ ಬಗ್ಗಿಸಿದಳು. ಬಗ್ಗಿಸಿದ ತಲೆ ಎತ್ತಲಾಗಲಿಲ್ಲ. ಹೊಸದಾಗಿ ಹಾಸಿದ ನೆಲವೆಲ್ಲ ಬೀಸುಕಲ್ಲುಗಳು. ಊರಿನ ಮನೆಮನೆಯ ಕಲ್ಲುಗಳನ್ನು ಒತ್ತಾಗಿ ಕೂರಿಸಿ, ಸಂದಿಗೆ ಗಾರೆ ತುಂಬಿದ್ದರು. ಗುರುಗಳ ಬಲಗಾಲಿನ ಬೂಟು ಅವಳ ಕಲ್ಲಿನ ಮೇಲಿತ್ತು. ಅವ್ವನ ಕೈಯಿಂದ ಒಮ್ಮೆ ಬಿದ್ದು ಮುಕ್ಕಾದ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು.

"ಸ್ವಾಮಿ, ಚಕ್ರ ನಿಂತೋಗಿದೆ. ಹೊಳೆ ಕರಗೋ ತನಕ ನನ್ನ ಕಲ್ಲು ಕೊಡಿ. ಆಮೇಲೆ ನಾನೇ ಹೊತ್ಕೊಂಡು ಬಂದು ಕೊಡ್ತೀನಿ."

"ಯಾವ ಕಲ್ಲಮ್ಮಾ?"

"ನೀವು ಮೆಟ್ಕೊಂಡಿದೀರಲ್ಲ, ಅದು."

ಗುರುಗಳು ಕೆಳಗೆ ನೋಡಿ ನಕ್ಕರು. "ಒಂದು ಕಿತ್ರೆ ನೆಲ ಪೂರ್ತಿ ಹಾಳಾಗುತ್ತೆ ತಾಯಿ. ಸ್ವಲ್ಪ ತಾಳ್ಮೆ ಇರ್ಲಿ. ಬಿಸಿಲು ಬಂದ್ರೆ ಗಿರಣಿ ಇದ್ದೇ ಇದೆ."

"ಅಷ್ಟರಲ್ಲಿ ನಮ್ಮತ್ತೆ ಸತ್ತರೆ?"

"ಅವರಿಗೋಸ್ಕರ ಪ್ರಾರ್ಥನೆ ಮಾಡಿಸೋಣ."

ಆಲ್ಡಿತ್‌ಳ ಮೈಯೆಲ್ಲ ಉರಿದುಹೋಯಿತು. ಚಳಿ, ಹಸಿವು, ಹೆದರಿಕೆ ಯಾವುದೂ ನೆನಪಿಗೆ ಬರಲಿಲ್ಲ. ಅಲ್ಲಿಂದ ನೆಟ್ಟಗೆ ಕಮ್ಮಾರನ ಹೆಂಡತಿ ಗುನ್ನೋರಾಳ ಮನೆಗೆ ನಡೆದಳು.

"ಗುನ್ನಕ್ಕಾ, ನಿನ್ನ ಕಲ್ಲು ಎಲ್ಲಿದೆ ಗೊತ್ತಾ? ಅವರು ಎಂಜಲು ಚೆಲ್ಲೋ ನೆಲದಲ್ಲಿದೆ! ನಮ್ಮೆಲ್ಲರದೂ ಅಲ್ಲೇ ಇದೆ!"

ಗುನ್ನೋರಾ ಕುಲುಮೆಯ ಮೂಲೆಗೆ ಹೋಗಿ ಹಾರೆ ಎಳೆದು ತಂದಳು. "ಯಾವಾಗ ಹೋಗೋಣ ಹೇಳು."

ಮರುದಿನ ಬೆಳಗಿನ ಪೂಜೆಯ ಗಂಟೆ ಬಾರಿಸಿ ಸನ್ಯಾಸಿಗಳೆಲ್ಲ ಚರ್ಚಿಗೆ ಹೋದಾಗ ಊರಿನ ಹೆಂಗಸರು ಮಠದೊಳಗೆ ನುಗ್ಗಿದರು. ಹಾರೆ, ಸಲಿಕೆ, ನೇಗಿಲ ಗುಳ, ಸಿಕ್ಕಿದ್ದೆಲ್ಲ ಕೈಯಲ್ಲಿ. ಕೊನೆಯಲ್ಲಿ ಎಡ್ರಿಕ್ ಕಲ್ಲು ಹೇರಲು ಹಿಮದ ಜಾರುಬಂಡಿ ಎಳೆದುಕೊಂಡು ಬಂದ. ಹೆಂಡತಿಯ ಮುಖ ನೋಡುವ ಧೈರ್ಯ ಮಾತ್ರ ಇರಲಿಲ್ಲ. ಗಾರೆ ಚೂರುಚೂರಾಗಿ ಹಾರಿತು. ಸದ್ದು ಕೇಳಿ ರೇನಾಲ್ಡ್ ಓಡಿಬಂದ.

"ಏನ್ರೇ ಇದು! ದೇವರ ಮನೆ ಇದು!"

"ದೇವರ ಮನೇಲಿ ಕದ್ದ ಮಾಲು ಯಾಕಿಟ್ರಿ ಸ್ವಾಮಿ?" ಎಂದಳು ಗುನ್ನೋರಾ, ಹಾರೆ ಇಳಿಸದೆ.

ಗುರುಗಳೂ ಬಂದು ಬಾಗಿಲಲ್ಲಿ ನಿಂತರು. ಶಾಪದ ಮಾತಾಡಿದರು, ನರಕದ ಮಾತಾಡಿದರು. ಆಲ್ಡಿತ್ ತನ್ನ ಕಲ್ಲನ್ನು ಎದೆಗವಚಿಕೊಂಡು ಅವರ ಮುಂದೆಯೇ ಹಾದುಹೋದಳು. "ನಿಮ್ಮ ಚಕ್ರ ನಾನೇನು ಮುರೀಲಿಲ್ಲ. ಒಳ್ಳೇ ಚಕ್ರ ಅದು. ಅದನ್ನಿಟ್ಕೊಂಡು ನಮ್ಮ ಕುತ್ತಿಗೆ ಅಮುಕ್ತೀರಲ್ಲ, ಅದಕ್ಕೆ ಬಂದ್ವಿ."

ಅಂದು ಊರಿನಲ್ಲಿ ಪ್ರತಿ ಮನೆಯಿಂದಲೂ ಕಲ್ಲಿನ ಗರಗರ ಕೇಳಿತು. ಹಾವಿಸ್ ನುಣ್ಣನೆಯ ಗಂಜಿ ಕುಡಿದು, "ಉಪ್ಪು ಕಡಿಮೆ," ಎಂದು ಗೊಣಗಿದಳು. ಮುದುಕಿ ಉಳಿದುಕೊಂಡಳು.

ಹೊಳೆ ಕರಗಿತು. ಮಠ ಕೊಟ್ಟ ದೂರಿನ ಮೇಲೆ, ಕರಗಿದ ದಾರಿಯಲ್ಲಿ ನಾಡಿನ ದೊರೆಯ ಸವಾರರು ಬಂದರು. ಈ ಬಾರಿ ಕಲ್ಲುಗಳನ್ನು ಒಯ್ಯಲಿಲ್ಲ, ಸಂತೆಯ ಬಯಲಲ್ಲಿ ಗುಡ್ಡೆ ಹಾಕಿ ಸುತ್ತಿಗೆಯಿಂದ ಒಡೆಸಿದರು. ಎಡ್ರಿಕ್‌ನ ಹಸುವನ್ನು ದಂಡಕ್ಕೆಂದು ಹೊಡೆದುಕೊಂಡು ಹೋದರು. ಆಲ್ಡಿತ್‌ಳ ಕಾಲುಗಳನ್ನು ಎರಡು ತೂತಿನ ಮರದ ಕೋಳಕ್ಕೆ ಸಿಕ್ಕಿಸಿ ಸಂತೆಯ ನಡುವೆ ಕೂರಿಸಿದರು.

ಪಾರುಪತ್ಯಗಾರ ಬಂದು ಬಗ್ಗಿ ಹೇಳಿದ: "ತಪ್ಪಾಯ್ತು ಅಂದ್ಬಿಡು, ಈಗ್ಲೇ ಬಿಡ್ತೀನಿ."

"ನಿಮ್ಮ ಗುರುಗಳು ಮೊದಲು ಅನ್ಲಿ," ಎಂದಳು ಆಲ್ಡಿತ್.

ಕತ್ತಲಾಗುವ ತನಕ ಅವಳು ಹಾಗೇ ಕೂತಳು. ಎಡ್ರಿಕ್ ಪಕ್ಕದಲ್ಲೇ ಮಣ್ಣಿನಲ್ಲಿ ಕೂತು, ಅವಳ ಬೆನ್ನಿಗೆ ಬೆನ್ನು ಕೊಟ್ಟ. ಯಾರೋ ಕೊಳೆತ ಟರ್ನಿಪ್ ಗಡ್ಡೆ ಎಸೆದರೆ ಅದು ಬಿದ್ದದ್ದು ಅವನ ಮೈಮೇಲೆ.

ಮುಂದಿನ ವಾರ ಅವಳು ಮೂಟೆ ಹೊತ್ತು ಗಿರಣಿಗೆ ಹೋಗಲೇಬೇಕಾಯಿತು; ಬೇರೆ ದಾರಿ ಇರಲಿಲ್ಲ. ಗಿರಣಿಯವನು ಮಠದ ಪಾಲಿಗೆಂದು ಅಳತೆಯ ಬೋಗುಣಿಯನ್ನು ಹಿಟ್ಟಿಗೆ ಅದ್ದಿ, ಗೋಪುರದ ಹಾಗೆ ತುಂಬಿ ಎತ್ತಿದ. ಆಲ್ಡಿತ್ ಅವನ ಮಣಿಕಟ್ಟು ಹಿಡಿದಳು. ಇನ್ನೊಂದು ಅಂಗೈಯಿಂದ ಬೋಗುಣಿಯ ಬಾಯಿ ಸವರಿ, ಮೇಲೆ ನಿಂತಿದ್ದ ಹಿಟ್ಟನ್ನೆಲ್ಲ ತನ್ನ ಚೀಲಕ್ಕೆ ಉರುಳಿಸಿದಳು.

"ಇಷ್ಟೇ ನಿಮ್ದು," ಎಂದಳು.

ಗಿರಣಿಯವನು ಅವಳ ಹಿಂದೆ ಸಾಲಾಗಿ ನಿಂತ ಹೆಂಗಸರತ್ತ ಒಮ್ಮೆ ನೋಡಿದ. ಸಮನಾದ ಬೋಗುಣಿಯನ್ನೇ ಮಠದ ಮೂಟೆಗೆ ಸುರಿದ. ಆಲ್ಡಿತ್ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದಳು. ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.